ಒಡೆತನ ಬೇರೆ, ವಾಸ ಬೇರೆ

ಕಲಬುರಗಿಯ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: “ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ನನ್ನ ಮಗ ತಾನಿರುವ ಫ್ಲ್ಯಾಟ್ ಅಲ್ಲದೆ ಇನ್ನೊಂದನ್ನೂ ಕೊಂಡಿದ್ದಾನೆ. ಅದನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಲು ನೋಂದಣಿ ಸಿಗದಂತೆ. ತೆರಿಗೆ ಕಟ್ಟುವವನು ರಾತ್ರಿ ಎಲ್ಲಿ ಮಲಗುತ್ತಾನೆಂಬುದು ಆಡಳಿತಕ್ಕೇಕೆ? ಬೀದರಿನಲ್ಲಿ ಬೀಗ ಹಾಕಿರುವ ನಮ್ಮ ಹಿರಿಯರ ಮನೆಯನ್ನು ಹೋಮ್‌ಸ್ಟೇ ಮಾಡಹೊರಟರೆ ನನಗೂ ಇದೇ ಗತಿಯೇ?”

ಮಾನ್ಯರೆ,

ನಿಮ್ಮ ಮಗನ ಒಡೆತನವನ್ನು ಅಲ್ಲಿ ಯಾರೂ ಪ್ರಶ್ನಿಸುತ್ತಿಲ್ಲ. ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆಯನ್ನು ಬಾಡಿಗೆಗೆ ಕೊಡುವವರು ವರ್ಷದಲ್ಲಿ ಕನಿಷ್ಠ 275 ರಾತ್ರಿ ಅದೇ ಮನೆಯಲ್ಲಿ ವಾಸವಿರಬೇಕೆಂಬುದು ಆ ನಗರದ ನಿಯಮ. ತಾವು ಮನೆಯಲ್ಲಿದ್ದುಕೊಂಡು ಒಂದು ಕೋಣೆಯನ್ನು ಕೊಡುವುದಾದರೆ ದಿನಗಳ ಮಿತಿಯಿಲ್ಲ. ತಾವಿಲ್ಲದಾಗ ಇಡೀ ಮನೆಯನ್ನು ಕೊಡುವುದಾದರೆ ವರ್ಷಕ್ಕೆ 90 ರಾತ್ರಿ ಮಾತ್ರ. ಎರಡನ್ನೂ ಕೂಡಿಸಿ ನೋಡಿ, ವರ್ಷದ 365 ದಿನಗಳು ಸರಿಹೊಂದುತ್ತವೆ. ಕರಾರು ಅಡ್ಡಿಯಾಗದಿದ್ದರೆ ಅಲ್ಲಿ ಬಾಡಿಗೆದಾರನೂ ನೋಂದಣಿ ಪಡೆಯಬಲ್ಲ, ಆದರೆ ಎರಡನೆಯ ಫ್ಲ್ಯಾಟಿನ ಮಾಲೀಕ ಆ ಫ್ಲ್ಯಾಟಿಗೆ ಪಡೆಯಲಾರ ಎಂಬುದನ್ನು ಗಮನಿಸಿದರೆ ನಿಯಮದ ಉದ್ದೇಶ ತಿಳಿಯುತ್ತದೆ: ತಿಂಗಳ ಬಾಡಿಗೆಗಿಂತ ದಿನಬಾಡಿಗೆ ಹೆಚ್ಚು ಗಿಟ್ಟುವ ಊರಿನಲ್ಲಿ, ಸಂಸಾರ ಹೂಡಬೇಕಾದ ಮನೆಗಳು ಒಂದೊಂದಾಗಿ ವಸತಿಗೃಹಗಳಾಗುವುದನ್ನು ತಡೆಯುವುದು. ನ್ಯೂಯಾರ್ಕ್ ಇನ್ನೂ ಕಟ್ಟುನಿಟ್ಟು. 2023ರ ಸೆಪ್ಟೆಂಬರಿನಿಂದ ಅಲ್ಲಿ ಅತಿಥಿಗಳಿರುವಷ್ಟು ದಿನವೂ ಮನೆಯವರು ಜೊತೆಯಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು.

ಈ ನಿಯಮಗಳಲ್ಲಿ ನನಗೆ ಸಮಾಧಾನವಿಲ್ಲದ ಅಂಶವೂ ಒಂದಿದೆ. ವಾಸವನ್ನು ಸಾಬೀತುಪಡಿಸುವುದು ಕಾಗದಪತ್ರಗಳ ಮೂಲಕ. ಕೆಲಸದ ನಿಮಿತ್ತ ಅರ್ಧ ವರ್ಷ ಊರೂರು ಅಲೆಯುವವನಿಗೆ ಇರುವುದೊಂದೇ ಮನೆಯಾದರೂ ಆತ 275ರ ಲೆಕ್ಕದಲ್ಲಿ ಸೋಲುತ್ತಾನೆ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯ 2024ರ ಮೇ 1ರಿಂದ ಜಾರಿಗೆ ತಂದ ನಿಯಮ, ಖಾಯಂ ವಾಸದ ಮನೆಯ ಜೊತೆಗೆ ಅದೇ ನಿವೇಶನದಲ್ಲಿರುವ ಇನ್ನೊಂದು ಚಿಕ್ಕ ಮನೆಗೂ, ನಮ್ಮಲ್ಲಿ ಔಟ್‌ಹೌಸ್ ಎನ್ನುತ್ತೇವಲ್ಲ ಅಂಥದಕ್ಕೂ, ಅವಕಾಶ ಕೊಟ್ಟಿದೆ. ನನಗೆ ಅದು ಹೆಚ್ಚು ಹದವಾಗಿ ಕಾಣುತ್ತದೆ.

ಇನ್ನು ಬೀದರಿನ ಮನೆಯ ಮಾತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲೂ ಮಾಲೀಕರು ಕುಟುಂಬಸಮೇತ ಅದೇ ಮನೆಯಲ್ಲಿ ವಾಸವಿರಬೇಕೆಂಬ ಷರತ್ತಿದೆ. ಕೋಣೆಗಳು ಒಂದರಿಂದ ಆರು, ಹಾಸಿಗೆಗಳು ಹೆಚ್ಚೆಂದರೆ ಹನ್ನೆರಡು. ಕಾರಣ ಮಾತ್ರ ಬೇರೆ. ಕೋಟೆಯನ್ನೋ, 1472ರ ಮಹಮೂದ್ ಗವಾನನ ಮದರಸಾವನ್ನೋ ನೋಡಿ ಬಂದವರಿಗೆ ಮನೆಯೂಟವನ್ನೂ ಮನೆಮಂದಿಯ ಒಡನಾಟವನ್ನೂ ಕೊಡುವುದು ಈ ಯೋಜನೆಯ ಆಶಯ, ಬೀಗದ ಕೈಯನ್ನಷ್ಟೇ ಕೊಡುವುದಲ್ಲ. (ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಬಂದ ನೆಂಟರಿಗೆ ಪಡಸಾಲೆಯಲ್ಲಿ ಚಾಪೆ ಹಾಸುವ ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ, ಅದಕ್ಕೆ ಪರವಾನಗಿಯೂ ಬೇಡ, ಬಾಡಿಗೆಯೂ ಇಲ್ಲ.) ಆದ್ದರಿಂದ ನೀವು ಕಲಬುರಗಿಯಲ್ಲೇ ಇದ್ದುಕೊಂಡು ಆ ಮನೆಯನ್ನು ಈ ಯೋಜನೆಯಡಿ ತರಲಾಗದು. ಮನೆಯಲ್ಲಿ ಪಾಲಿರುವ ಅಣ್ಣತಮ್ಮಂದಿರು ಯಾರಾದರೂ ಅಲ್ಲಿ ಸಂಸಾರ ಹೂಡುವುದಾದರೆ ಅರ್ಜಿ ಅವರ ಹೆಸರಿನಲ್ಲಿರಲಿ. ವಿದೇಶಿ ಅತಿಥಿ ಬಂದರೆ 24 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಸರ್ಕಾರಕ್ಕೆ ಮಾಹಿತಿ ಸಲ್ಲಿಸುವ ಹೊಣೆಯೂ ಅವರದೇ ಆಗುತ್ತದೆ.

ಮಗನ ಮುಂದಿರುವ ದಾರಿ ಸರಳವಾಗಿದೆ: ಎರಡನೆಯ ಫ್ಲ್ಯಾಟನ್ನು ತಿಂಗಳ ಬಾಡಿಗೆಗೆ ಕೊಟ್ಟು, ತಾನಿರುವ ಫ್ಲ್ಯಾಟಿನ ಕೋಣೆಯೊಂದನ್ನು ಬೇಕಿದ್ದರೆ ನೋಂದಾಯಿಸಲಿ. ಅದಕ್ಕೆ ಮೊದಲು, ವಾಸಕ್ಕೆ ಪುರಾವೆಯಾಗುವ ಅವನ ಚಾಲನಾ ಪರವಾನಗಿಯಲ್ಲಿ ಯಾವ ಮನೆಯ ವಿಳಾಸವಿದೆಯೆಂದು ಕೇಳಿಕೊಳ್ಳಿ.

– ಸಂ.