ಚುಕ್ಕಿ ಮರೆತ ಡೋಲ್ ಸಾಹೇಬರು

ಹೋದ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಬಗ್ಗೆ ಎರಡು ಸಾಲು ಬರೆದಿದ್ದೇ ತಡ, ಪತ್ರಗಳು ಬಂದವು. ಎಲ್ಲಕ್ಕೂ ಉತ್ತರಿಸಲು ಪುಟ ಸಾಲದು. ಭಾಷಣ ಮತ್ತು ಇಂಟರ್ನೆಟ್ ಬಗ್ಗೆ ಕೇಳಿದವರನ್ನು ಮಾತ್ರ ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಪ್ರೊಫೆಸರ್ ಅಲ್ಲ. ಕನ್ನಡ ದಿನಪತ್ರಿಕೆಯೊಂದರಲ್ಲಿ 28 ವರ್ಷ ವಿದೇಶ ಪುಟ ನೋಡಿಕೊಂಡು ನಿವೃತ್ತನಾದ ಉಪಸಂಪಾದಕ.

ಪ್ರಶ್ನೆ: ಅಮೆರಿಕದ ಚುನಾವಣೆಯಲ್ಲಿ ಇಂಟರ್ನೆಟ್ ಬಳಕೆ ಒಬಾಮಾ ಅವರಿಂದ ಶುರುವಾಯಿತು ಎಂದು ನಮ್ಮ ನೋಟ್ಸ್‌ನಲ್ಲಿದೆ. ಇದು ಸರಿಯೇ? (ಪದವಿ ವಿದ್ಯಾರ್ಥಿನಿ, ತಿಪಟೂರು)

ಪರೀಕ್ಷೆಯಲ್ಲಿ ನೋಟ್ಸ್‌ನಲ್ಲಿದ್ದದ್ದನ್ನೇ ಬರೆಯಮ್ಮ, ಅಂಕ ಮುಖ್ಯ. ಆದರೆ ಅದು ತಪ್ಪು.

1996ರ ಅಕ್ಟೋಬರ್ 6. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಮತ್ತು ಅವರ ಎದುರಾಳಿ ಬಾಬ್ ಡೋಲ್ ಅವರ ಮೊದಲ ಡಿಬೇಟ್. ಡೋಲ್ ಅವರಿಗೆ ಆಗ 73 ವರ್ಷ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಲಗೈ ಸ್ವಾಧೀನ ಕಳೆದುಕೊಂಡಿದ್ದ ಹಿರಿಯರು. ಕೊನೆಯ ಮಾತು ಹೇಳುವಾಗ, ನಿಜವಾಗಲೂ ನಮ್ಮ ಜೊತೆ ಕೈ ಜೋಡಿಸಬೇಕೆಂದಿದ್ದರೆ ನನ್ನ ಹೋಮ್ ಪೇಜ್ ನೋಡಿ ಎಂದು ವಿಳಾಸ ಹೇಳಿದರು. ಡಬ್ಲ್ಯು ಡಬ್ಲ್ಯು ಡಬ್ಲ್ಯು ಡಾಟ್ ಡೋಲ್‌ಕೆಂಪ್96ಆರ್ಗ್. ಕೆಂಪ್ ಅಂದರೆ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜ್ಯಾಕ್ ಕೆಂಪ್. 'ಆರ್ಗ್' ಮುಂಚೆ ಇರಬೇಕಾದ 'ಡಾಟ್' ಬಿಟ್ಟುಹೋಗಿತ್ತು. ಅವರು ಹೇಳಿದ ಹಾಗೇ ಟೈಪ್ ಮಾಡಿದರೆ ಏನೂ ತೆರೆಯುತ್ತಿರಲಿಲ್ಲ. ಆದರೂ ಅಧ್ಯಕ್ಷೀಯ ಡಿಬೇಟ್‌ನಲ್ಲಿ ಒಬ್ಬ ಅಭ್ಯರ್ಥಿ ವೆಬ್ ವಿಳಾಸ ಹೇಳಿದ್ದು ಅದೇ ಮೊದಲು.

ನಮ್ಮಲ್ಲಿ ಆಗ ಸೋಮವಾರ ಬೆಳಗ್ಗೆ. ಸಂಜೆ ಪಾಳಿಗೆ ಹೋದಾಗ ಏಜೆನ್ಸಿ ಕಾಪಿ ನನ್ನ ಮೇಜಿನ ಮೇಲಿತ್ತು. ಕೊನೆಯಲ್ಲಿ ಈ ವಿಳಾಸ. ಕನ್ನಡದಲ್ಲಿ ಇದನ್ನು ಹೇಗೆ ಹಾಕುವುದು? ಪಕ್ಕದ ಮೇಜಿನವರನ್ನು ಕೇಳಿದೆ. 'ಟೆಲೆಕ್ಸ್ ನಂಬರ್ ಇರಬೇಕು, ಬಿಡಿ' ಎಂದರು. ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ವಿವರಿಸಿದ. ನನಗೆ ತಲೆಗೆ ಹತ್ತಲಿಲ್ಲ. ಅರ್ಥವಾಗದ್ದನ್ನು ಅಚ್ಚಿಗೆ ಕಳಿಸಬಾರದು ಎಂಬುದು ನಮ್ಮ ಡೆಸ್ಕಿನ ನಿಯಮ. ಆ ಸಾಲಿನ ಮೇಲೆ ಕೆಂಪು ಗೀಟು ಎಳೆದೆ. ಇವತ್ತು ಆ ಡಿಬೇಟ್‌ನಿಂದ ಜನ ನೆನಪಿಟ್ಟುಕೊಂಡಿರುವುದು ಹೆಚ್ಚುಕಡಿಮೆ ಆ ಸಾಲನ್ನೇ. ನನ್ನ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ಎಡಿಟಿಂಗ್ ಅದು!

ಮುಂದಿನದು 2000ನೇ ಇಸವಿ. ಜಾನ್ ಮೆಕೇನ್ ಫೆಬ್ರವರಿ 1ರಂದು ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ, ಗೆದ್ದರು. ಕೆಲವೇ ದಿನಗಳಲ್ಲಿ ವೆಬ್‌ಸೈಟ್ ಮೂಲಕ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಬಂತು. 2003ರಲ್ಲಿ ಬಂದವರು ವರ್ಮಾಂಟ್ ರಾಜ್ಯದ ಮಾಜಿ ಗವರ್ನರ್ ಹೋವರ್ಡ್ ಡೀನ್. ಅವರ ತಂಡ ಜಾಲತಾಣದಲ್ಲಿ ಬೇಸ್‌ಬಾಲ್ ಬ್ಯಾಟಿನ ಚಿತ್ರ ಹಾಕುತ್ತಿತ್ತು. ಹಣ ಬಂದ ಹಾಗೆಲ್ಲ ಬ್ಯಾಟಿನ ಕೆಂಪು ಬಣ್ಣ ಮೇಲೇರುತ್ತಿತ್ತು. ಆ ಜುಲೈನಲ್ಲಿ ಉಪಾಧ್ಯಕ್ಷ ಡಿಕ್ ಚೆನಿ ದೇಣಿಗೆ ಎತ್ತಲು ಎಲೆಗೆ 2,000 ಡಾಲರಿನ ಊಟ ಏರ್ಪಡಿಸಿದರು. ಅದಕ್ಕೆ ಉತ್ತರವಾಗಿ ಡೀನ್ ಕಂಪ್ಯೂಟರ್ ಮುಂದೆ ಕೂತು ಟರ್ಕಿ ಕೋಳಿಯ ಸ್ಯಾಂಡ್‌ವಿಚ್ ತಿಂದರು. ಸುಮ್ನೆ ತಿಂದರು, ಅಷ್ಟೇ. ಆನ್‌ಲೈನ್‌ನಲ್ಲಿ ಬಂದ ಸಣ್ಣ ಸಣ್ಣ ದೇಣಿಗೆ ಸೇರಿ ಸುಮಾರು 5 ಲಕ್ಷ ಡಾಲರ್ ಆಯಿತು. ಚೆನಿ ಊಟಕ್ಕಿಂತ ಜಾಸ್ತಿ.

ಒಬಾಮಾ ಬಂದದ್ದು ಇವರೆಲ್ಲ ಉತ್ತಿಟ್ಟ ಹೊಲಕ್ಕೆ. ಡೀನ್ ತಂಡದಲ್ಲಿದ್ದವರು ಸೇರಿ ಶುರುಮಾಡಿದ ಕಂಪನಿಯೇ 2008ರ ಚುನಾವಣೆಗೆ ಒಬಾಮಾ ಅವರ ಜಾಲತಾಣ ಕಟ್ಟಿತು. ಬೆಳೆ ಚೆನ್ನಾಗಿ ಬಂತು ಎನ್ನುವುದು ಬೇರೆ ಮಾತು.

ಪ್ರಶ್ನೆ: ಲಿಂಕನ್, ಕೆನಡಿ ಭಾಷಣಗಳನ್ನು ಮಕ್ಕಳಿಗೆ ಪಾಠ ಮಾಡಿದವನು ನಾನು. ಈಗ ಬರೀ ಬೈಗುಳ, ಒಂದೊಂದು ಸಾಲಿನ ಚುಚ್ಚುಮಾತು. ಇಂಟರ್ನೆಟ್ ಭಾಷಣವನ್ನೇ ಕೊಂದುಹಾಕಿತಲ್ಲವೇ? (ನಿವೃತ್ತ ಶಿಕ್ಷಕರು, ಸಾಗರ)

ಮೇಷ್ಟ್ರೇ, ಲಿಂಕನ್ನರ ಗೆಟಿಸ್‌ಬರ್ಗ್ ಭಾಷಣ ಹೇಳಿ ಮುಗಿಸಲು ಎರಡು ಮೂರು ನಿಮಿಷ ಸಾಕು. ಪದಗಳು 270ರ ಆಸುಪಾಸು. ಅವತ್ತಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ್ದರು. ಅವರನ್ನು ಯಾವ ತರಗತಿಗೆ ಪಾಠ ಮಾಡಿದಿರಿ? ಬೈಗುಳವೂ ಹಳೆಯದೇ. 1800ರ ಚುನಾವಣೆಯಲ್ಲಿ ಆಡಮ್ಸ್ ಕಡೆಯವರು, ಜೆಫರ್‌ಸನ್ ಕಡೆಯವರು ಪತ್ರಿಕೆಗಳಲ್ಲಿ ಬೈದಾಡಿದ್ದನ್ನು ಓದಿದರೆ ಈಗಿನ ಟ್ವೀಟುಗಳು ಸಪ್ಪೆ.

ಇನ್ನು ಕೊಂದದ್ದು ಯಾರು ಅಂತ. ಅದೇ ಡೀನ್ ಕಥೆ ನೋಡಿ. 2004ರ ಜನವರಿ 19, ಅಯೋವಾ ರಾಜ್ಯದ ಮೊದಲ ಸುತ್ತು. ಗೆಲ್ಲುತ್ತಾರೆ ಎಂದುಕೊಂಡಿದ್ದ ಡೀನ್ ಮೂರನೆಯವರಾದರು. ರಾತ್ರಿ ಬೆಂಬಲಿಗರ ಮುಂದೆ ನಿಂತು, ಮುಂದೆ ಹೋಗಬೇಕಾದ ರಾಜ್ಯಗಳ ಹೆಸರನ್ನು ಒಂದೊಂದಾಗಿ ಕೂಗಿದರು. ಕೊನೆಗೆ ವೈಟ್ ಹೌಸ್ ಎಂದವರೇ ದನಿ ಏರಿಸಿ 'ಯಾ!' ಎಂದು ಕಿರುಚಿದರು. ಆ ಸಭಾಂಗಣದಲ್ಲಿ ಸಾವಿರಾರು ಜನ ಕೂಗುತ್ತಿದ್ದರು. ಡೀನ್ ದನಿ ಅಲ್ಲಿದ್ದವರಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಆದರೆ ಕೈಯಲ್ಲಿದ್ದ ಮೈಕು ಸುತ್ತಲ ಗದ್ದಲ ತಗ್ಗಿಸಿ ಬಾಯಿ ಮುಂದಿನ ದನಿ ಮಾತ್ರ ಹಿಡಿಯುವಂಥದ್ದು. ಟಿವಿಯಲ್ಲಿ ಕಂಡದ್ದು ತಣ್ಣಗಿನ ಕೋಣೆಯಲ್ಲಿ ಒಬ್ಬನೇ ಅರಚುವ ಮನುಷ್ಯ. ಚಾನೆಲ್‌ಗಳು ಅದನ್ನು ನೂರಾರು ಸಲ ಹಾಕಿದವು. ಇಂಟರ್ನೆಟ್ ಮೇಲೆತ್ತಿದ ಅಭ್ಯರ್ಥಿಯನ್ನು ಟಿವಿ ಕೆಳಗೆ ಕೂರಿಸಿತು. ಯೂಟ್ಯೂಬ್ ಹುಟ್ಟಿದ್ದೇ 2005ರಲ್ಲಿ.

ಹುಟ್ಟಿದ ಮೇಲೆ ಆದದ್ದು ಹೀಗೆ. 2006ರ ಆಗಸ್ಟ್. ವರ್ಜೀನಿಯಾದ ಸೆನೆಟರ್ ಜಾರ್ಜ್ ಅಲೆನ್ ಮತ್ತೆ ಸೆನೆಟ್‌ಗೆ ನಿಂತಿದ್ದರು. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೂ ಅವರ ಹೆಸರು ಓಡಾಡುತ್ತಿತ್ತು. ಮೂಲೆಯ ಊರೊಂದರ ಸಭೆಯಲ್ಲಿ ಎದುರಾಳಿ ಕಡೆಯ ಹುಡುಗನೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ಭಾರತೀಯ ಮೂಲದವನು. ಅಲೆನ್ ಅವನತ್ತ ಬೆರಳು ತೋರಿಸಿ 'ಮಕಾಕಾ' ಎಂದರು. ಅದು ಒಂದು ಜಾತಿಯ ಕೋತಿಯ ಹೆಸರು. ಅಮೆರಿಕಕ್ಕೆ ಸ್ವಾಗತ ಅಂತಲೂ ಹೇಳಿದರು. ಹುಡುಗ ಹುಟ್ಟಿ ಬೆಳೆದದ್ದು ವರ್ಜೀನಿಯಾದಲ್ಲೇ! ಎದುರಿಗಿದ್ದ ಜನ ನಕ್ಕರು. ಅಲೆನ್ ಮಾತಾಡಿದ್ದು ಆ ನಗುವವರಿಗಾಗಿ. ಕೇಳಿಸಿಕೊಂಡದ್ದು ಇಡೀ ದೇಶ. ಸುಮಾರು 9,000 ಮತಗಳಿಂದ ಸೋತರು. ಅಧ್ಯಕ್ಷ ಸ್ಥಾನದ ಮಾತು ಅಲ್ಲಿಗೇ ಮುಗಿಯಿತು.

ಬಾಗಿಲು ಹಾಕಿಕೊಂಡರೂ ಅದೇ ಕಥೆ. 2008ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ದೇಣಿಗೆ ಸಭೆಯಲ್ಲಿ ಒಬಾಮಾ, ಕೆಲಸ ಕಳೆದುಕೊಂಡ ಸಣ್ಣ ಊರುಗಳ ಜನ ಕಹಿಯಾಗಿ ಬಂದೂಕು, ಧರ್ಮಕ್ಕೆ ಅಂಟಿಕೊಳ್ಳುತ್ತಾರೆ ಎಂಬರ್ಥದ ಮಾತಾಡಿದರು. ರೆಕಾರ್ಡ್ ಮಾಡಿ ಹೊರಗೆ ಹಾಕಿದವರು ಅವರದೇ ಬೆಂಬಲಿಗರು. 2012ರ ಮೇ ತಿಂಗಳಲ್ಲಿ ಫ್ಲಾರಿಡಾದ ಬೊಕಾ ರಟೋನ್‌ನಲ್ಲಿ ಶ್ರೀಮಂತರ ಊಟ. ಶೇ 47ರಷ್ಟು ಜನ ಸರ್ಕಾರವನ್ನೇ ನೆಚ್ಚಿಕೊಂಡವರು, ಅವರು ಹೇಗಿದ್ದರೂ ನನಗೆ ಮತ ಹಾಕಲ್ಲ ಎಂಬ ಧಾಟಿಯಲ್ಲಿ ಆ ವರ್ಷ ಒಬಾಮಾ ಎದುರು ನಿಂತಿದ್ದ ಮಿಟ್ ರಾಮ್ನಿ ಮಾತಾಡಿದರು. ಪಾನೀಯ ಸುರಿಯುತ್ತಿದ್ದವನ ಕ್ಯಾಮೆರಾ ಅಲ್ಲೇ ಬಾರ್ ಕಟ್ಟೆಯ ಮೇಲಿತ್ತು. ವಿಡಿಯೊ ಹೊರಬಿದ್ದದ್ದು ಸೆಪ್ಟೆಂಬರ್‌ನಲ್ಲಿ, ಮತದಾನಕ್ಕೆ ಏಳು ವಾರ ಇರುವಾಗ.

ಹಾಗಾಗಿ ಮೇಷ್ಟ್ರೇ, ಸತ್ತದ್ದು ಭಾಷಣ ಅಲ್ಲ ಅಂತ ನನಗನ್ನಿಸುತ್ತದೆ. ಸತ್ತದ್ದು ಊರಿಗೊಂದು ಮಾತಾಡುವ ಸುಖ. ಹಿಂದೆ ರೈತರ ಮುಂದೆ ಒಂದು, ಗಿರಣಿಯವರ ಮುಂದೆ ಇನ್ನೊಂದು ಹೇಳಿ ರೈಲು ಹತ್ತಬಹುದಿತ್ತು. ಈಗ ಎದುರಿಗೆ ಇಲ್ಲದವನೂ ಕೇಳುತ್ತಾನೆ. ಅದಕ್ಕೇ ನಾಯಕರು ಮೊದಲೇ ಅಳತೆ ಮಾಡಿ ಕತ್ತರಿಸಿದ ತುಂಡುಗಳನ್ನು ಎಸೆಯುತ್ತಾರೆ. ಹೇಗಿದ್ದರೂ ಯಾರೋ ಕತ್ತರಿಸುತ್ತಾರೆ, ನಾವೇ ಕತ್ತರಿಸಿ ಕೊಡೋಣ ಅಂತ. ಟ್ರಂಪ್ ಎದುರಾಳಿಗಳಿಗೆ ಅಡ್ಡಹೆಸರು ಇಡುವುದರಲ್ಲಿ ಇದೇ ಲೆಕ್ಕವಿದೆ. ಆ ಹೆಸರನ್ನು ಎಷ್ಟು ಕತ್ತರಿಸಿದರೂ ಅಷ್ಟೇ ಉಳಿಯುತ್ತದೆ.

ಉದ್ದದ ಮಾತಿಗೂ ಜಾಗವಿದೆ, ಬೇಜಾರು ಮಾಡಿಕೊಳ್ಳಬೇಡಿ. 2008ರ ಮಾರ್ಚ್ 18ರಂದು ಒಬಾಮಾ ಫಿಲಡೆಲ್ಫಿಯಾದಲ್ಲಿ ವರ್ಣಭೇದದ ಬಗ್ಗೆ 37 ನಿಮಿಷ ಮಾತಾಡಿದರು. ಟಿವಿಯಾಗಿದ್ದರೆ ಅರ್ಧ ನಿಮಿಷ ತೋರಿಸುತ್ತಿತ್ತು. ಯೂಟ್ಯೂಬ್‌ನಲ್ಲಿ ಇಡೀ ಭಾಷಣವೇ ಇತ್ತು, ಲಕ್ಷಾಂತರ ಜನ ನೋಡಿದರು. 2024ರ ಅಕ್ಟೋಬರ್‌ನಲ್ಲಿ ಟ್ರಂಪ್ ಜೋ ರೋಗನ್ ಅವರ ಪಾಡ್‌ಕಾಸ್ಟ್‌ನಲ್ಲಿ ಸುಮಾರು ಮೂರು ಗಂಟೆ ಕೂತರು. ಅದನ್ನು ಭಾಷಣಕಲೆ ಅನ್ನುತ್ತೀರೋ ಹರಟೆ ಅನ್ನುತ್ತೀರೋ, ತೀರ್ಮಾನ ನಿಮ್ಮದು. ನನ್ನ ಪ್ರಕಾರ ಹರಟೆ.

ಪ್ರಶ್ನೆ: ಅಮೆರಿಕದಲ್ಲಿ ಅಭ್ಯರ್ಥಿಗಳೇ ಮತದಾರರಿಗೆ ಈಮೇಲ್ ಬರೆಯುತ್ತಾರಂತೆ. ಅಷ್ಟು ಪುರುಸೊತ್ತು ಎಲ್ಲಿದೆ ಅವರಿಗೆ? (ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ)

ಡೋಲ್ ವಿಳಾಸ ವಿವರಿಸಿದ ಅಕ್ಕನ ಮಗ ಈಗ ನ್ಯೂ ಜೆರ್ಸಿಯಲ್ಲಿದ್ದಾನೆ. ಗ್ರೀನ್ ಕಾರ್ಡ್ ಸಿಕ್ಕ ಖುಷಿಗೆ ಒಂದು ಸಲ ಒಬ್ಬ ಅಭ್ಯರ್ಥಿಗೆ ಐದು ಡಾಲರ್ ಕೊಟ್ಟ. ಯಾರಿಗೆ ಅಂತ ನಾನು ಹೇಳುವುದಿಲ್ಲ. ಐದು ಡಾಲರ್ ಕೊಟ್ಟ ತಪ್ಪಿಗೆ ಇವತ್ತಿಗೂ ಅವನಿಗೆ ದಿನಕ್ಕೆರಡು ಪತ್ರ ಬರುತ್ತವೆ. ಎಲ್ಲದರಲ್ಲೂ ಅವನ ಹೆಸರು ಹಿಡಿದು ಮಾತಾಡಿಸುತ್ತಾರೆ. 'ಮಾಮಾ, ನಮ್ಮಪ್ಪನೂ ಇಷ್ಟು ಪತ್ರ ಬರೆದಿಲ್ಲ' ಎನ್ನುತ್ತಾನೆ.

ಬರೆಯುವುದು ಇಪ್ಪತ್ತು ಮೂವತ್ತರ ವಯಸ್ಸಿನ ಹುಡುಗ ಹುಡುಗಿಯರು. 2012ರಲ್ಲಿ ಒಬಾಮಾ ತಂಡದವರು ಒಂದೇ ಪತ್ರವನ್ನು ಕೆಲವೊಮ್ಮೆ 18 ಥರ ಬರೆದು, ಸಣ್ಣ ಸಣ್ಣ ಗುಂಪುಗಳಿಗೆ ಕಳಿಸಿ ನೋಡುತ್ತಿದ್ದರು. ಯಾವುದಕ್ಕೆ ಹಣ ಜಾಸ್ತಿ ಬಂತೋ ಅದನ್ನು ಉಳಿದ ಲಕ್ಷಾಂತರ ಜನಕ್ಕೆ ಕಳಿಸುವುದು. ನೀವು ಮೂರು ಸೀರೆ ಬಾಗಿಲಲ್ಲಿ ನೇತುಹಾಕಿ, ಜನ ಮುಟ್ಟಿ ನೋಡಿದ್ದನ್ನು ಜಾಸ್ತಿ ತರಿಸುತ್ತೀರಲ್ಲ, ಹಾಗೆ. ಯಾವುದು ಗೆಲ್ಲುತ್ತದೆ ಎಂದು ತಂಡದವರು ಊಹಿಸಿದ್ದು ಬಹಳ ಸಲ ತಪ್ಪುತ್ತಿತ್ತಂತೆ. ಬರೀ 'ಹೇ' ಎಂಬ ತಲೆಬರಹ ಚೆನ್ನಾಗಿ ಓಡಿತು. 'ನನಗಿಂತ ಅವರೇ ಜಾಸ್ತಿ ಖರ್ಚು ಮಾಡುತ್ತಾರೆ' ಎಂದು ಗೋಳಿಟ್ಟ ಒಂದೇ ಪತ್ರ 26 ಲಕ್ಷ ಡಾಲರ್ ತಂದಿತು. ನೋಡಲು ಕೆಟ್ಟದಾಗಿದ್ದ ಹಳದಿ ಬಣ್ಣ ಬಳಿದರೂ ಹಣ ಬಂತು. ಅಂದವಾದ ಪತ್ರ ಬರೆಯುವವರಿಗೆ ಎಂಥ ಅವಮಾನ ನೋಡಿ.

2016ಕ್ಕೆ ಇದು ಫೇಸ್‌ಬುಕ್ ಜಾಹೀರಾತಿಗೆ ಬಂತು. ದಿನಕ್ಕೆ 50,000 ಥರದ ಜಾಹೀರಾತು ಓಡಿಸುತ್ತಿದ್ದೆವು ಎಂದು ಟ್ರಂಪ್ ಅವರ ಡಿಜಿಟಲ್ ಮುಖ್ಯಸ್ಥ ಬ್ರ್ಯಾಡ್ ಪಾರ್ಸ್ಕೇಲ್ ಆಮೇಲೆ ಟಿವಿಯಲ್ಲಿ ಹೇಳಿಕೊಂಡರು. ಬಣ್ಣ ಬೇರೆ, ಪದ ಬೇರೆ, ಒತ್ತುವ ಗುಂಡಿ ಬೇರೆ. ಸಾಗರದ ಮೇಷ್ಟ್ರಿಗೆ ಊರಿಗೊಂದು ಮಾತು ಸತ್ತಿತು ಅಂದೆ. ಪೂರ್ತಿ ಸತ್ತಿಲ್ಲ. ವೇದಿಕೆಯಿಂದ ಇಳಿದು ನಿಮ್ಮ ಜೇಬಿನ ಫೋನಿಗೆ ಬಂದು ಕೂತಿದೆ. ಊರಿಗೊಂದು ಹೋಗಿ ಮನೆಗೊಂದು ಆಗಿದೆ. ಪಕ್ಕದ ಮನೆಯವನಿಗೆ ಏನು ಹೇಳಿದರು ಅಂತ ನಿಮಗೆ ತಿಳಿಯುವುದಿಲ್ಲ, ಅದನ್ನು ರೆಕಾರ್ಡ್ ಮಾಡುವ ಹುಡುಗನೂ ಅಲ್ಲಿಲ್ಲ.

ಪ್ರಶ್ನೆ: ಕಮಲಾ ಹ್ಯಾರಿಸ್ ತಮಿಳಿನಲ್ಲಿ, ಟ್ರಂಪ್ ಹಿಂದಿಯಲ್ಲಿ ಭಾಷಣ ಮಾಡಿದರು ಎಂದು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ. ನಿಜವೇ? (ಗೃಹಿಣಿ, ಮೈಸೂರು)

ಭಾಷಣ ಅಲ್ಲಮ್ಮ. ಟ್ರಂಪ್ ಹೇಳಿದ್ದು ಐದು ಪದ, 'ಅಬ್ ಕೀ ಬಾರ್ ಟ್ರಂಪ್ ಸರ್ಕಾರ್'. 2016ರ ಜಾಹೀರಾತಿನಲ್ಲಿ, ನಮ್ಮ 2014ರ ಚುನಾವಣೆಯಿಂದ ಎತ್ತಿಕೊಂಡದ್ದು. ಕಮಲಾ ಹೇಳಿದ್ದು ಒಂದೇ ಪದ. 2020ರ ಆಗಸ್ಟ್ 19ರ ಭಾಷಣದಲ್ಲಿ ಮನೆಯವರನ್ನೆಲ್ಲ ನೆನೆಯುತ್ತಾ 'ಚಿತ್ತಿ'ಯರನ್ನೂ ನೆನೆದರು. ಅಂದರೆ ಚಿಕ್ಕಮ್ಮಂದಿರು. ಅಮೆರಿಕನ್ನರು ಅದೇನೆಂದು ಗೂಗಲ್‌ನಲ್ಲಿ ಹುಡುಕಿದರು. ನನಗೆ ಮೆಚ್ಚುಗೆಯಾದದ್ದು, ಅವರು ಅದರ ಅರ್ಥ ಬಿಡಿಸಿ ಹೇಳದೆ ಮುಂದೆ ಹೋದದ್ದು.

ಪ್ರಶ್ನೆ: ಇನ್ನು ಮುಂದೆ ಕಂಪ್ಯೂಟರ್ ದನಿಯಲ್ಲೇ ನಾಯಕರು ಮಾತಾಡುತ್ತಾರಂತೆ. ಯಾರನ್ನು ನಂಬುವುದು? (ಬ್ಯಾಂಕ್ ಉದ್ಯೋಗಿ, ಬೆಂಗಳೂರು)

ಆಗಲೇ ಮಾತಾಡಿಯಾಗಿದೆ. 2024ರ ಜನವರಿ, ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಎರಡು ದಿನ ಮುಂಚೆ ಅಲ್ಲಿನ ಸಾವಿರಾರು ಮನೆಗಳ ಫೋನ್ ಹೊಡೆದುಕೊಂಡಿತು. ಎತ್ತಿದರೆ ಅಧ್ಯಕ್ಷ ಬೈಡನ್ ದನಿ. ಶುರುವಾಗುವುದೇ ಅವರ ಬಾಯಲ್ಲಿ ಸದಾ ಇರುವ 'ಮಲಾರ್ಕಿ' ಎಂಬ ಪದದಿಂದ. ನಮ್ಮ 'ಬೊಗಳೆ' ಇದ್ದ ಹಾಗೆ. ಮತವನ್ನು ನವೆಂಬರ್‌ಗೆ ಉಳಿಸಿಟ್ಟುಕೊಳ್ಳಿ, ಈಗ ಹಾಕಬೇಡಿ ಎಂಬ ಸಲಹೆ. ದನಿ ತಯಾರಿಸಿದವನು ಒಬ್ಬ ಜಾದೂಗಾರ! ಕೆಲಸ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ, ಖರ್ಚು ಒಂದು ಡಾಲರ್, ಸಿಕ್ಕ ಕೂಲಿ 150 ಡಾಲರ್ ಎಂದು ಅವನೇ ಹೇಳಿದ. ಮಾಡಿಸಿದ ರಾಜಕೀಯ ಸಲಹೆಗಾರನಿಗೆ ಕೇಂದ್ರದ ಸಂಪರ್ಕ ಆಯೋಗ 60 ಲಕ್ಷ ಡಾಲರ್ ದಂಡ ಹಾಕಿತು. ರಾಜ್ಯದ ಕೋರ್ಟಿನಲ್ಲಿ ಮಾತ್ರ ಆತ ಖುಲಾಸೆಯಾದ.

ಇದರಲ್ಲೊಂದು ತಮಾಷೆ ಇದೆ. ಪಕ್ಷದ ಒಳಜಗಳದಿಂದಾಗಿ ಆ ಮತಪತ್ರದಲ್ಲಿ ಬೈಡನ್ ಹೆಸರೇ ಇರಲಿಲ್ಲ. ಅವರಿಗೆ ಹಾಕಬೇಕೆಂದರೆ ಖಾಲಿ ಬಿಟ್ಟ ಸಾಲಿನಲ್ಲಿ ಹೆಸರು ಕೈಯಾರೆ ಬರೆಯಬೇಕು. ಜನ ಜನವರಿ ಚಳಿಯಲ್ಲಿ ಹೋಗಿ, ಪೆನ್ನು ಹಿಡಿದು ಬರೆದರು. ಗೆದ್ದದ್ದು ಬೈಡನ್ನೇ.