ಕಾಡುಪ್ರಾಣಿಗಳು ಕಡಿಮೆಯಾಗಲು ಮಾಲಿನ್ಯವೇ ಕಾರಣ ಅಂತ ಹೇಗೆ ಸಾಬೀತು ಮಾಡುತ್ತಾರೆ?

ಸತ್ತ ಪ್ರಾಣಿಯ ಮೈಯಲ್ಲಿ ವಿಷದ ಅಂಶ ಸಿಕ್ಕರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು. ಕೀಟನಾಶಕದ ಅಂಶ ಹುಡುಕಿದರೆ ಎಲ್ಲೆಲ್ಲೂ ಸಿಗುತ್ತದೆ, ಅಲ್ವಾ? ಅದೇ ಕೊಂದಿತಾ ಅನ್ನುವುದು ಬೇರೆ ಪ್ರಶ್ನೆ.

ನಮ್ಮ ರಣಹದ್ದುಗಳ ಕತೆಯನ್ನೇ ನೋಡಿ. 1990ರ ದಶಕದಲ್ಲಿ ರಾಜಸ್ಥಾನದ ಕೇವಲಾದೇವ್ ಉದ್ಯಾನದಲ್ಲಿ ಅವು ಕಡಿಮೆಯಾಗುತ್ತಿರುವುದು ಗೊತ್ತಾಯಿತು. ಮೊದಲು ಕೀಟನಾಶಕದ ಮೇಲೆ, ವೈರಸ್ ಮೇಲೆ ಅನುಮಾನ ಬಂತು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದರೆ ಕಿಡ್ನಿ ಹಾಳಾಗಿ, ಒಳಗಿನ ಅಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣ ಬಳಿದ ಹಾಗೆ ಕೂತಿತ್ತು. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಲಕ್ಷಣವಿದ್ದ 25 ಹಕ್ಕಿಗಳಲ್ಲೂ ದನಗಳಿಗೆ ಕೊಡುವ ನೋವಿನ ಔಷಧಿ ಡೈಕ್ಲೋಫೆನಾಕ್ ಸಿಕ್ಕಿತು, ಲಕ್ಷಣವಿಲ್ಲದೆ ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಸಿಗಲಿಲ್ಲ. ನನ್ನ ಪ್ರಕಾರ ಇಡೀ ತನಿಖೆಯ ಜೀವಾಳ ಆ 13 ಹಕ್ಕಿಗಳೇ, ಹೋಲಿಸಿ ನೋಡಲು ಅವು ಇಲ್ಲದಿದ್ದರೆ ಉಳಿದದ್ದು ಬರೀ ಅನುಮಾನ.

ಅಷ್ಟಕ್ಕೇ ಬಿಡಲಿಲ್ಲ. ಆ ಔಷಧಿ ಕೊಟ್ಟ ಪ್ರಾಣಿಗಳ ಮಾಂಸವನ್ನು ಸಾಕಿದ ರಣಹದ್ದುಗಳಿಗೆ ತಿನ್ನಿಸಿದರು, ಅವುಗಳಲ್ಲೂ ಹಲವು ಹಾಗೇ ಸತ್ತವು. ಇಷ್ಟು ದೊಡ್ಡ ಕುಸಿತಕ್ಕೆ ಇದೊಂದೇ ಸಾಕಾ ಅಂತ ಲೆಕ್ಕ ಹಾಕಿದಾಗ, ರಣಹದ್ದುಗಳು ತಿನ್ನುವ ದನಗಳ ಕಳೇಬರಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆಯಲ್ಲಿ ಈ ಔಷಧಿ ಇದ್ದರೂ ಸಾಕು ಅಂತ ತಿಳಿಯಿತು.

ಭಾರತ 2006ರಲ್ಲಿ ಪಶುಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು, ಮೆಲಾಕ್ಸಿಕಾಮ್ ಅನ್ನುವ ಬದಲಿ ಔಷಧಿ ಬಂತು, ಆಮೇಲೆ ಕುಸಿತದ ವೇಗ ತಗ್ಗಿತು. ಕಾರಣ ತೆಗೆದಾಗ ಪರಿಣಾಮವೂ ಕಡಿಮೆಯಾಗುತ್ತದಾ ಅಂತ ನೋಡುವುದು ಕೊನೆಯ ಪರೀಕ್ಷೆ. ಆದರೆ ಅದಕ್ಕೆ ವರ್ಷಗಟ್ಟಲೆ ಎಣಿಸುತ್ತಾ ಕೂರಬೇಕು.