‘ಆ ರಾತ್ರಿ ನಾನು ಅಲ್ಲೇ ಇದ್ದೆ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆಗೆಂದು ನನ್ನಲ್ಲಿಗೆ ಬಂದವರು ಐವತ್ತರ ಆಸುಪಾಸಿನ ಮಹಿಳೆ. ಕೂತವರೇ ಕೈಚೀಲದಿಂದ ಮಡಿಕೆಗಳಲ್ಲಿ ಹರಿದ ಪತ್ರವೊಂದನ್ನು ತೆಗೆದರು. ಇಪ್ಪತ್ತೆರಡು ವರ್ಷದ ಹಿಂದೆ, ದೂರದಲ್ಲಿದ್ದ ತಮ್ಮನಿಗೆ ಅವರೇ ಬರೆದದ್ದು: ‘ನಾನು ತಲುಪುವಷ್ಟರಲ್ಲಿ ಬೆಳಗಾಗಿತ್ತು. ಅಪ್ಪ ಹೋಗಿಬಿಟ್ಟಿದ್ದರು.’ ಅವರ ನೆನಪಿನಲ್ಲಾದರೆ, ಅಪ್ಪ ಕೊನೆಯುಸಿರೆಳೆದಾಗ ಆ ಕೈ ಇವರ ಕೈಯಲ್ಲೇ ಇತ್ತು.

“ಮೇಡಂ, ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದ್ನಾ?”

ಆ ದೃಶ್ಯ ಹೇಳಿ ಎಂದೆ. ಹಸಿರು ಹೊದಿಕೆ, ಗಡಿಯಾರದ ಸದ್ದು, ಅಪ್ಪನ ಹೆಬ್ಬೆರಳಿನ ಒರಟು. “ಅದರಲ್ಲಿ ನೀವೂ ಕಾಣ್ತೀರಾ?” ಕಣ್ಣು ಮುಚ್ಚಿದರು. “ಹೌದು, ನನ್ನ ಬೆನ್ನು ಕಾಣುತ್ತೆ.” ಹೀಗೆ ತನ್ನನ್ನೇ ಹೊರಗಿನಿಂದ ನೋಡುವುದು ಹಳೆಯ ನೆನಪುಗಳಲ್ಲಿ ಸಾಮಾನ್ಯ, ಅಷ್ಟಕ್ಕೇ ನೆನಪು ಸುಳ್ಳಾಗದು. ಆದರೆ ಅದು ಕಣ್ಣು ಹಿಡಿದಿಟ್ಟ ಚಿತ್ರವಲ್ಲ, ಮನಸ್ಸು ಕಟ್ಟಿದ್ದು ಎಂಬುದು ಅವರಿಗೇ ಹೊಳೆಯಿತು.

ನೋಟ, ಸದ್ದು, ಸ್ಪರ್ಶ ಮೆದುಳಿನ ಬೇರೆ ಬೇರೆ ಭಾಗಗಳಲ್ಲಿ ಉಳಿಯುತ್ತವೆ. ಮೆದುಳಿನದೇ ಒಂದು ಭಾಗವಾದ ಹಿಪೊಕ್ಯಾಂಪಸ್ ಅವನ್ನು ಒಂದು ಘಟನೆಯಾಗಿ ಹೆಣೆಯುತ್ತದೆ. ನೆನೆದಾಗಲೆಲ್ಲ ಹೆಣಿಗೆ ಹೊಸದು, ಅದರೊಳಗೆ ಬೇರೆ ದಿನದ ಎಳೆಯೂ ಸೇರಬಹುದು. 1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಆ ಸುದ್ದಿ ತಮಗೆ ಹೇಗೆ ತಿಳಿಯಿತೆಂದು ಸಂಶೋಧಕರು ವಿದ್ಯಾರ್ಥಿಗಳಿಂದ ಬರೆಸಿ, ಎರಡೂವರೆ ವರ್ಷದ ನಂತರ ಮತ್ತೆ ಕೇಳಿದ್ದರು. ಹಲವರ ಉತ್ತರ ಪೂರ್ತಿ ಬದಲಾಗಿತ್ತು. ತಮ್ಮದೇ ಕೈಬರಹ ತೋರಿಸಿದರೂ ಮೊದಲಿನದು ಮರಳಲಿಲ್ಲ. ಅವರಾರೂ ಸುಳ್ಳುಗಾರರಲ್ಲ. ಇದನ್ನು ಕೇಳಿ ಈಕೆ ಮೊದಲ ಸಲ ಕುರ್ಚಿಗೆ ಒರಗಿ ಕೂತರು.

ಕೊನೆಯ ಎರಡು ತಿಂಗಳು ರಾತ್ರಿಯಿಡೀ ಅಪ್ಪನನ್ನು ನೋಡಿಕೊಂಡವರು ಇವರೇ. ಎರಡು ದಿನಕ್ಕೆಂದು ಮನೆಗೆ ಹೋಗಿದ್ದಾಗ ಹೀಗಾಗಿತ್ತು. ಹಿಡಿದ ಕೈ ನಿಜ, ರಾತ್ರಿ ಬೇರೆಯದಿರಬೇಕು ಎಂದೆ.

ಸಮ್ಮೋಹನ ಮಾಡಿಸಿದರೆ ನಿಜ ಗೊತ್ತಾದೀತೇ ಎಂದು ಕೇಳಿದರು. ಬೇಡವೇ ಬೇಡ ಎಂದೆ. ಅದರಿಂದ ನಂಬಿಕೆ ಗಟ್ಟಿಯಾಗುತ್ತದೆ, ನೆನಪು ನಿಖರವಾಗುವುದಿಲ್ಲ. ತಮ್ಮನ ಜೊತೆ ವಾದಕ್ಕಿಳಿಯಬೇಡಿ. ಮಾತಾಡುವ ಮೊದಲು ಇಬ್ಬರೂ ಬೇರೆ ಬೇರೆ ಬರೆಯಿರಿ, ಮಾತಾಡುತ್ತಾ ಒಬ್ಬರ ನೆನಪು ಇನ್ನೊಬ್ಬರದಕ್ಕೆ ಬೆರೆಯುತ್ತದೆ. ಆ ದೃಶ್ಯವನ್ನು ಅಳಿಸಲೂ ಹೋಗಬೇಡಿ. ಕೊನೆಗಳಿಗೆಯಲ್ಲಿ ಇರಲಿಲ್ಲವಲ್ಲ ಎಂಬ ದುಃಖ ನಿಮಗೆ ಹೊಸದು, ಅದಕ್ಕೆ ಸಮಯ ಕೊಡಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ತಡಮಾಡದೆ ಬನ್ನಿ.

ಮೂರನೆಯ ಭೇಟಿಗೆ ಹಾಳೆ ತಂದಿದ್ದರು. ‘ಅವತ್ತು ನಾನಿರಲಿಲ್ಲ ಅಪ್ಪ’ ಎಂಬ ಸಾಲಿನ ಬಳಿ ಶಾಯಿ ಹರಡಿತ್ತು.